ಇಪ್ಪತ್ನಾಲ್ಕು ಬಾಗಿಲ ಪೆಟ್ಟಿಗೆ

ನಮ್ಮೂರ ಮಾಳಿಂಗರಾಯನ ಗುಡಿಯಲ್ಲಿ ನನಗೆಂದೇ ಒಂದು ಕಂಬವಿದೆ. ಯಾರೂ ಬರೆದುಕೊಟ್ಟದ್ದಲ್ಲ. ಹುಡುಗನಾಗಿದ್ದಾಗಿನಿಂದ ಅದಕ್ಕೇ ಬೆನ್ನು ಕೊಟ್ಟು ಡೊಳ್ಳಿನ ಪದ ಕೇಳುತ್ತ ಕುಂತು ಕುಂತು, ಅಲ್ಲಿನ ಸುಣ್ಣವೆಲ್ಲ ನನ್ನ ಅಂಗಿಗೆ ಹತ್ತಿ ಒಳಗಿನ ಕಲ್ಲು ಕಾಣುತ್ತದೆ. ಹಾಡುವವರು ನಮ್ಮಪ್ಪ, ಕಾಕಾ, ಅಣ್ಣ. ನಾನು ಕೇಳುವವನು. ಒಮ್ಮೆ ಹಿಮ್ಮೇಳಕ್ಕೆ ನಿಲ್ಲಿಸಿದ್ದರು. ಮಾಲಿಂಗಪ್ಪ, ಅಂದರೆ ನಾನು, ಬಾಯಿ ತೆರೆದದ್ದನ್ನು ನೋಡಿದವರಿದ್ದಾರೆ, ದನಿ ಕೇಳಿದವರಿಲ್ಲ. ಮನೆಯಲ್ಲೂ ಹಾಗೆಯೇ. "ನಮ್ಮ ಮನಿಯವರು ಮಾತಾಡಿದ್ರು ಅಂದ್ರ ಏನರ ಒಂದು ತ್ರಾಸ ಬಂತು ಅಂತ ತಿಳಕೋಬೇಕು" ಎಂದು ಹೆಂಡತಿ ಮಾಯವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಈ ಸಲದ ದೀಪಾವಳಿಗೆ ನಾನು ಮಾತಾಡಿದೆ.

ಅಣ್ಣನ ಮಗಳು ವಿದ್ಯಾ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಾಳೆ. ಹಬ್ಬದ ರಜೆಗೆ ಬರುವಾಗ ಹಾಸ್ಟೆಲಿನ ತನ್ನ ಖೋಲಿಯ ಗೆಳತಿಯನ್ನೂ ಕರೆತಂದಳು. ನಾಗಾಲ್ಯಾಂಡಿನ ಕ್ರಿಶ್ಚನ್ ಹುಡುಗಿ, ಹೆಸರು ಅಸೆನ್ಲಾ. ಮಾಯವ್ವನ ಬಾಯಲ್ಲಿ ಅದು ಚಹಾ ಆರುವುದರೊಳಗೆ ಅಸಲವ್ವ ಆಯಿತು. ಹುಡುಗಿ ನನ್ನಂಥವಳೇ. ವಿದ್ಯಾಳಿಂದ ಮಾತಿನ ಕನ್ನಡವನ್ನಷ್ಟೇ ಕಲಿತಿದ್ದಳು. ಪಾಡ್ಯದ ಸಂಜೆ ಗುಡಿಯಲ್ಲಿ ಪದ ನಡೆದಾಗ ಅದರ ಒಂದಕ್ಷರ ತಿಳಿಯದಿದ್ದರೂ ಕೊನೆವರೆಗೂ ಕದಲದೆ ಕೂತಳು. ನನ್ನ ಕಂಬದ ಅರ್ಧ ಅವಳಿಗೆ ಬಿಟ್ಟುಕೊಟ್ಟೆ.

ಪದ ಮುಗಿದು ಭಂಡಾರ ಹಂಚುತ್ತಿದ್ದರು. ಕುರುಬರ ಗುಡಿಯಲ್ಲಿ ಅರಿಷಿಣ ಪುಡಿಯೇ ಪ್ರಸಾದ, ಅದೇ ಆಣೆ. ಅಂಗೈಯಲ್ಲಿ ಭಂಡಾರ ಹಿಡಿದು ಆಡಿದ ಮಾತು ನಡೆಸಿಕೊಡಲೇಬೇಕು. ಹಾಗಾಗಿ ತಿಳಿದವರು ಆ ಹೊತ್ತಿಗೆ ಬಾಯಿ ಬಿಗಿಹಿಡಿದಿರುತ್ತಾರೆ. ಅಸೆನ್ಲಾ ವಿದ್ಯಾಗೆ ಕ್ರಿಸ್‌ಮಸ್ಸಿನ ಸುದ್ದಿ ಹೇಳುತ್ತಿದ್ದಳು. ಈ ವರ್ಷ ಪರೀಕ್ಷೆ ಇರುವುದರಿಂದ ಊರಿಗೆ ಹೋಗುವಂತಿಲ್ಲ. ಎಲ್ಲಿ ಓದುತ್ತಿದ್ದರೂ ಅವಳಜ್ಜಿ ಒಂದು ಪೆಟ್ಟಿಗೆ ಕಳಿಸುತ್ತಿದ್ದಳಂತೆ, ಅಡ್ವೆಂಟ್ ಕ್ಯಾಲೆಂಡರ್. ಅದಕ್ಕೆ ಇಪ್ಪತ್ನಾಲ್ಕು ಪುಟ್ಟ ಬಾಗಿಲು. ಡಿಸೆಂಬರ್ ಒಂದರಿಂದ ದಿನಕ್ಕೊಂದು ತೆಗೆಯಬೇಕು, ಒಳಗೊಂದು ಸಿಹಿ. ಬಾಗಿಲು ಮುಗಿದ ಮರುದಿನ ಹಬ್ಬ.

"ಅಜ್ಜಿಗೆ ಈಗ ಕಣ್ಣು ಕಾಣಲ್ಲ ಕಾಕಾ. ಈ ವರ್ಷ ಪೆಟ್ಟಿಗೆ ಬರಲ್ಲ" ಎಂದು ನನ್ನ ಕಡೆ ತಿರುಗಿದಳು. "ಪರವಾಗಿಲ್ಲ."

ಜೀವನಪೂರ್ತಿ ಪದ ಕೇಳಿದವನಿಗೆ ಹಾಡುವವನ ದನಿ ಎಲ್ಲಿ ಬೀಳುತ್ತದೆಂಬುದು ಗೊತ್ತಾಗುತ್ತದೆ. ಆ 'ಪರವಾಗಿಲ್ಲ'ದಲ್ಲಿ ದನಿ ಬಿತ್ತು.

"ನಾ ಕಳಸ್ತೀನಿ ತಗೋ" ಅಂದೆ. ನೋಡಿಕೊಂಡರೆ ಅಂಗೈ ತುಂಬ ಭಂಡಾರ.

ಮಾಯವ್ವ ಹಣೆ ಹಣೆ ಬಡಿದುಕೊಂಡಳು. "ಏನ ಕಳಸ್ತೀರಿ ಅಂತರ ಗೊತ್ತೈತೇನ್ರಿ ನಿಮಗ?"

ಗೊತ್ತಿರಲಿಲ್ಲ. ಮೂಡಲಗಿಯ ಅಂಗಡಿಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಗೋಡೆ ಕ್ಯಾಲೆಂಡರ್ ತೋರಿಸಿದರು. ಹರಿದರೆ ಒಳಗೆ ಏನೂ ಇರಲಿಲ್ಲ, ನಾಳೆಯ ತಾರೀಖು ಬಿಟ್ಟರೆ. ಹುಕ್ಕೇರಿಯಲ್ಲಿ ಲಗ್ನಪತ್ರಿಕೆ ಛಾಪಿಸುವ ದುಂಡಪ್ಪ ನಮ್ಮ ಬೀಗರ ಪೈಕಿ. ಅವನು ಎಲ್ಲ ಕೇಳಿಸಿಕೊಂಡು, "ಇಪ್ಪತ್ನಾಕ ದಿನದ್ದ ಯಾಕ ಮಾವಾ, ಪೂರಾ ವರ್ಷದ್ದ ಮಾಡೂಣು. ಮ್ಯಾಲ ನಿಮ್ಮ ಫೋಟೋ, ಕೆಳಗ ಅಮಾಸಿ ಹುಣ್ಣಿವಿ" ಅಂದ. ಎರಡು ಮಿನಿಟು ನಾನೂ ಆಸೆಪಟ್ಟೆ. ಯಾವ ಫೋಟೋ ಕೊಡುವುದೆಂದು ಕೂಡ ವಿಚಾರ ಮಾಡಿದೆ.

ಕೊನೆಗೆ ಗೋಕಾಕದ ಬಸ್ ಸ್ಟ್ಯಾಂಡ್ ಬಾಜೂ ಇರುವ ನಾಸೀರನ ಮೊಬೈಲ್ ಅಂಗಡಿ. ಅವನ ಅಪ್ಪ ನಿಜಾಮಸಾಬರು ಮೊದಲಿನಿಂದ ನಮ್ಮ ಕುರಿ ಉಣ್ಣೆ ಕೊಳ್ಳುವವರು. ನಾಸೀರ ಫೋನಿನಲ್ಲಿ ಒಂದೊಂದೇ ತೋರಿಸಿದ.

"ಇದು ಚಾಕಲೇಟ್ ಮಾಮಾ. ಇದು ಮಾರಿಗೆ ಹಚ್ಚೋ ಕ್ರೀಮು. ಇದು ನೋಡ್ರಿ, ಕಾಲಚೀಲ."

"ದಿನಾ ಒಂದ ಜೋಡಿ ಹೊಸಾ ಕಾಲಚೀಲ ಹಾಕ್ಕೊಂಡ ಅಕಿ ಎಲ್ಲಿಗೆ ಹೊಂಟಾಳೋ?"

"ಇದು ನಾಯಿದು."

"ನಾಯಿದಂದ್ರ?"

"ನಾಯಿಗಿ ದಿನಾ ಒಂದ ಬಿಸ್ಕೀಟ್."

"ತಾರೀಖ ಯಾರ ನೋಡ್ತಾರ, ನಾಯಿನ?"

"ನನಗೇನ ಕೇಳ್ತೀರಿ ಮಾಮಾ, ಮಾರೋರು ಮಾರಾಕತ್ತಾರ" ಅಂದು ಬೆರಳು ಸರಿಸಿದ. ಚಿತ್ರಗಳು ಓಡಿದವು. ಅದರಲ್ಲಿ ಒಂದು ನನ್ನ ಕಣ್ಣು ಹಿಡಿಯಿತು.

"ತಡಿ. ಹಿಂದ ಹೋಗು."

ದನದ ಕೊಟ್ಟಿಗೆ, ತಾಯಿ, ಮೇವಿನ ಮೇಲೆ ಕೂಸು. ಸುತ್ತ ಕೋಲು ಹಿಡಿದು ಕಂಬಳಿ ಹೊದ್ದ ಗಂಡಸರು, ಕಾಲ ಬಳಿ ಕುರಿ. ಇವರ್ಯಾರು ಅಂದರೆ ನಾಸೀರ ಕೆಳಗಿನದನ್ನು ಓದಿ, "ಕುರಿ ಕಾಯೋರಂತ್ರಿ. ಕೂಸು ಹುಟ್ಟಿದ ಸುದ್ದಿ ಎಲ್ಲಾರಕ್ಕಿಂತ ಮೊದಲ ಇವರಿಗೇ ಬಂತಂತ" ಅಂದ.

ಆ ಸುದ್ದಿ ನನ್ನ ಮನೆಗೇ ಬಂದಿತ್ತೇನೋ ಎಂಬಂತೆ ಎದೆ ಉಬ್ಬಿತು. ಹೌದು, ಆ ಕುರಿಗಳು ನಮ್ಮ ತಳಿಯವಲ್ಲ. ಕಂಬಳಿಯನ್ನೂ ಸರಿಯಾಗಿ ತಲೆಮೇಲಿಂದ ಕೊಪ್ಪೆ ಹಾಕಿರಲಿಲ್ಲ, ಗಾಳಿ ಬಂದರೆ ಹಾರಿಹೋಗುವಂತಿತ್ತು. ಆದರೂ ನಮ್ಮ ಮಂದಿ.

"ಇದನ್ನ ತರಸು."

"ಇದರಾಗಿನ ಚಾಕಲೇಟ್ ಉಗರಷ್ಟ ಅದಾವಂತ ಮಂದಿ ಬೈದು ಬರದಾರ ಮಾಮಾ. ಮೊದಲ ತೋರಿಸಿದ್ದ ಚಲೋ ಐತಿ."

"ಬೈಲಿ. ಇದನ್ನ ತರಸು."

ಪೆಟ್ಟಿಗೆ ನವೆಂಬರ್ ಮುಗಿಯುವ ಎರಡು ದಿನ ಮೊದಲು ಬಂತು. ಬುದ್ಧಿ ಇದ್ದವನು ಸೀದಾ ಅರಭಾವಿಯ ಬಸ್ಸು ಹತ್ತುತ್ತಿದ್ದ. ನಾನು ಭಕ್ತ. ಭಂಡಾರ ಹಿಡಿದು ಆಡಿದ ಮಾತು, ಮೇಲೆ ಕುರಿಯವರ ಚಿತ್ರ. ದೇವರ ಮುಂದೆ ಒಮ್ಮೆ ಇಟ್ಟೇ ಒಯ್ಯಬೇಕು ಅನ್ನಿಸಿತು. ಮರುದಿನ ಮುಂಜಾನೆ ಗುಡಿಗೆ ಒಯ್ದೆ.

ಪೂಜಾರಿ ಸತ್ತೆಪ್ಪ ಪೆಟ್ಟಿಗೆಯನ್ನು ಅಲ್ಲಾಡಿಸಿ ನೋಡಿದ. "ಏನೈತಿದರಾಗ?"

"ಸಿಹಿ."

"ಸಿಹಿ ಐತಿ ಅಂದ ಮ್ಯಾಲ ಎಡಿ ಹಿಡಿಬೇಕಲ್ಲ."

ಎಡೆ ಹಿಡಿಯುವಾಗ ನಮ್ಮಲ್ಲಿ ಏನನ್ನೂ ಮುಚ್ಚಿಡುವುದಿಲ್ಲ. ಬುಟ್ಟಿಯ ಮೇಲಿನ ಅರಿವೆ ಸರಿಸಬೇಕು, ಗಡಿಗೆಯ ಮುಚ್ಚಳ ತೆಗೆಯಬೇಕು. ಮುಚ್ಚಿದ್ದನ್ನು ದೇವರು ನೋಡುವುದಿಲ್ಲ. ಇದು ನನಗೆ ಗೊತ್ತಿಲ್ಲದ ಪದ್ಧತಿಯಲ್ಲ. ಸತ್ತೆಪ್ಪ ಹೆಬ್ಬೆರಳಿನ ಉಗುರಿನಿಂದ ಮೊದಲ ಬಾಗಿಲು ಕಿತ್ತ. ಆಮೇಲೆ ಎರಡನೆಯದು. ನಾನು ತಡಿ ಅನ್ನಬೇಕಿತ್ತು. ಬಾಯಿ ತೆರೆದೆ, ತೆರೆದೇ ಇದ್ದೆ. ಅವನು ಇಪ್ಪತ್ನಾಲ್ಕನ್ನೂ ತೆಗೆದು, ದೇವರಿಗೆ ತೋರಿಸಿ, ಮೇಲೊಂದು ಹಿಡಿ ಭಂಡಾರ ಎರಚಿ, ಗುಡಿಯಲ್ಲಿದ್ದವರಿಗೆಲ್ಲ ಹಂಚಿಬಿಟ್ಟ. ನಮ್ಮ ಓಣಿಯ ದುಂಡವ್ವ ಮೊಮ್ಮಗನಿಗೆಂದು ಇನ್ನೊಂದು ಇಸಿದುಕೊಂಡಳು. ನನ್ನ ಕೈಗೂ ಒಂದು ಬಂತು. ಪ್ರಸಾದ ಬೇಡ ಅನ್ನಬಾರದು, ತಿಂದೆ. ಬೈದು ಬರೆದವರು ಸುಳ್ಳು ಬರೆದಿರಲಿಲ್ಲ.

ಖಾಲಿ ಪೆಟ್ಟಿಗೆ ನೋಡಿ ಮಾಯವ್ವ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಅದು ನನ್ನ ಕೆಲಸ, ಅವಳು ಮಾಡಿದರೆ ಹೆದರಿಕೆಯಾಗುತ್ತದೆ.

"ನೀವೂ ತಿಂದ್ರೇನು?"

ನಾನು ಗೋಡೆ ನೋಡಿದೆ.

"ತಿಂದಾರ" ಎಂದು ತಾನೇ ಉತ್ತರ ಕೊಟ್ಟುಕೊಂಡಳು. "ಆ ಕೂಸು ನಾಡಿದ್ದಿನಿಂದ ದಿನಾ ದಾರಿ ನೋಡ್ತೈತಿ. ಇವರು ಊರಿಗೆಲ್ಲ ಊಟಾ ಹಾಕಿಸಿ ಬಂದಾರ."

ನಾಸೀರನಿಗೆ ಫೋನ್ ಮಾಡಿದರೆ, ಇನ್ನೊಂದು ತರಿಸಿದರೆ ಅರ್ಧ ಡಿಸೆಂಬರ್ ಹೋದ ಮೇಲೆಯೇ ಬರುವುದು ಅಂದ. ಮಾಯವ್ವ ಪೆಟ್ಟಿಗೆ ಕಸಿದುಕೊಂಡು ಅಡಿಗೆ ಮನೆಯ ಬಾಗಿಲು ಹಾಕಿಕೊಂಡಳು. ಡಬ್ಬಿಗಳ ಸಪ್ಪಳ, ಹುರಿಯುವ ವಾಸನೆ, ಒಂದು ಸಲ ಅವಳೊಬ್ಬಳೇ ನಕ್ಕದ್ದು, ಇಷ್ಟು ನನಗೆ ಸಿಕ್ಕಿತು. ಸಂಜೆಗೆ ಹೊರಗೆ ತಂದಾಗ ಬಾಗಿಲುಗಳನ್ನೆಲ್ಲ ಜೋಳದ ಹಿಟ್ಟಿನ ಅಂಟಿನಿಂದ ಮುಚ್ಚಿದ್ದಳು. ಕೆಲವು ಸೊಟ್ಟಗಿದ್ದವು. ಕುರಿಯವರ ಮುಖಕ್ಕೆಲ್ಲ ಭಂಡಾರ ಹತ್ತಿ ಈಗ ಅವರು ಖರೆ ನಮ್ಮವರಾಗಿದ್ದರು.

"ಏನ ತುಂಬೀದಿ?"

"ನಿಮಗ ಹೇಳಿದ್ರ ಮತ್ತ ಎಡಿ ಹಿಡಸ್ತೀರಿ."

ಮರುದಿನ ಇಬ್ಬರೂ ಅರಭಾವಿಗೆ ಹೋದೆವು. ದಾರಿಯುದ್ದಕ್ಕೂ ಮಾಯವ್ವ ಒಂದೇ ಪಾಠ ಹೇಳಿಕೊಟ್ಟಳು. "ಪಾರ್ಸಲ್‌ದಾಗ ಹಿಂಗ ಆತು ಅಂತ ನಾ ಹೇಳ್ತೀನಿ. ನೀವು ಬಾಯಿ ತಗೀಬ್ಯಾಡ್ರಿ." ಅದು ನನಗೆ ಬರುವ ಒಂದೇ ವಿದ್ಯೆ, ಒಪ್ಪಿಕೊಂಡೆ.

ಹಾಸ್ಟೆಲಿನ ಗೇಟಿಗೆ ವಿದ್ಯಾ, ಅಸೆನ್ಲಾ ಇಬ್ಬರೂ ಬಂದರು. ಅಸೆನ್ಲಾ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಅಂಟಿನ ಗೆರೆಗಳ ಮೇಲೆ ಬೆರಳಾಡಿಸಿದಳು.

"ಅದು ಪಾರ್ಸಲ್‌ದಾಗ..." ಎಂದು ಮಾಯವ್ವ ಶುರು ಮಾಡಿದಳು.

ಹುಡುಗಿ ತಲೆಯಾಡಿಸಿ, "ಪರವಾಗಿಲ್ಲ" ಅಂದಳು. ಅದೇ ದನಿ.

"ಪಾರ್ಸಲ್ ಅಲ್ಲವ್ವಾ, ನಾನು" ಅಂದೆ. "ಗುಡಿಗೆ ಒಯ್ದಿದ್ದೆ. ಪೂಜಾರಿ ತಗದ, ನಾ ನೋಡ್ಕೋತ ನಿಂತೆ. ದೇವರಿಗೆ ತೋರಿಸಿ ಎಲ್ಲಾ ಹಂಚಿದ್ರು."

"ಎಲ್ಲಾ ಬಾಗಿಲಾ?"

"ಎಲ್ಲಾ."

"ಒಂದೇ ದಿನ?"

"ನಮ್ಮ ದೇವರಿಗೆ ಅಷ್ಟ ತಾಳ್ಮಿ ಇಲ್ಲವ್ವಾ."

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಭುಜ ಅಲುಗುತ್ತಿತ್ತು. ಅತ್ತಳೆಂದು ನಾನು ಹೆದರಿದೆ. ವಿದ್ಯಾ ಬೆನ್ನು ತಟ್ಟಿದಾಗ ನಗು ಹೊರಗೆ ಬಂತು, ಕಣ್ಣಲ್ಲಿ ನೀರೂ ಇತ್ತು.

"ಈಗ ಒಳಗೆ ಏನಿದೆ ಕಾಕಾ?"

"ನನಗ ಗೊತ್ತಿಲ್ಲ. ನಿಮ್ಮ ಕಾಕೂಗ ಗೊತ್ತು."

ಮಾಯವ್ವ ಸೆರಗು ಸರಿಮಾಡಿಕೊಂಡು ಕಾಲೇಜಿನ ಮಾವಿನ ಸಸಿಗಳನ್ನು ನೋಡತೊಡಗಿದಳು. ಅಸೆನ್ಲಾ ಒಂದನೇ ಬಾಗಿಲ ಮೇಲೆ ಬೆರಳಿಟ್ಟು ಹಿಂದೆ ತೆಗೆದಳು. "ಇವತ್ತಲ್ಲ. ನಾಳೆ."

"ಒಂದ ದಿನ ಹಿಂದ ಮುಂದ ಆದ್ರ ಏನಾತು, ತಗದ ನೋಡು."

"ಇಲ್ಲ ಕಾಕಾ. ಹಂಗೆ ಮಾಡಬಾರದು." ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿದಳು. ಒಂದು ಸೊಟ್ಟ ಬಾಗಿಲು ಬಿಚ್ಚೀತೆಂದು ಅದರ ಮೇಲೆ ಅಂಗೈ ಇಟ್ಟುಕೊಂಡಿದ್ದಳು.

ವಾಪಸು ಬಸ್ಸಿನಲ್ಲಿ ಕೇಳಿದೆ. "ಒಂದನೇದ್ರಾಗ ಏನೈತಿ? ಶೇಂಗಾ ಉಂಡಿ?"

ಮಾಯವ್ವ ಕಿಟಕಿಯ ಹೊರಗೆ ಕಬ್ಬು ನೋಡಿದಳು.

"ಪುಠಾಣಿ? ಕೊಬ್ಬರಿ ಬೆಲ್ಲಾ? ಕರದಂಟರ ಇರಬೇಕು."

"ಇಪ್ಪತ್ತ ವರ್ಷದ ಹುಡಿಗಿ ತಡಕೊಂಡೈತಿ. ನಿಮಗೇನಾಗೈತಿ?"

ಮರುದಿನ ಮುಂಜಾನೆ ಕುರಿ ಬಿಡುವ ಹೊತ್ತಿಗೆ ಫೋನ್ ಬಂತು. ಬಾಯಿ ತುಂಬ ಏನೋ ಇಟ್ಟುಕೊಂಡೇ ಅಸೆನ್ಲಾ ಮಾತಾಡುತ್ತಿದ್ದಳು. ತುಂಬಾ ರುಚಿ ಇತ್ತಂತೆ. ಅಜ್ಜಿಗೂ ಫೋನಿನಲ್ಲಿ ಹೇಳಿದಳಂತೆ. ಅಜ್ಜಿ ಬಹಳ ನಕ್ಕಳಂತೆ.

"ಏನಿತ್ತವ್ವಾ ಅದರಾಗ?"

ಅವಳು ಬಾಯಲ್ಲಿದ್ದದ್ದನ್ನು ನುಂಗಿದಳು.

"ಕಾಕು ರಾತ್ರಿ ಫೋನ್ ಮಾಡಿ ಹೇಳಬೇಡ ಅಂದಿದ್ದಾರೆ ಕಾಕಾ. ಎಲ್ಲಾ ಬಾಗಿಲು ಆದ ಮೇಲೆ ಹೇಳ್ತೀನಿ."

ಹಿಂದೆ ತಿರುಗಿ ನೋಡಿದೆ. ಮಾಯವ್ವ ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ.