ನಿನ್ನೆಯೇ ಹೋಗಿ ಬಂದವರು

ಅವರು ಕಾರನ್ನು ಎಲ್ಲಿ ನಿಲ್ಲಿಸಿದರೂ ಅದರ ಮೂತಿ ಹೊರದಾರಿಯ ಕಡೆಗೇ ಇರುತ್ತಿತ್ತು. ಮದುವೆಮನೆಯಾಗಲಿ, ಆಸ್ಪತ್ರೆಯಾಗಲಿ, ಐದೇ ನಿಮಿಷದ ಅಂಗಡಿ ಕೆಲಸವಾಗಲಿ, ಹಿಂದಕ್ಕೂ ಮುಂದಕ್ಕೂ ನಾಲ್ಕು ಸಲ ತಿರುಗಿಸಿ, ಕನ್ನಡಿಯಲ್ಲಿ ನೋಡಿ, ಅದೂ ಸಾಲದೆಂದು ಕಿಟಕಿಯಿಂದ ಕತ್ತು ಚಾಚಿ ನೋಡಿ, ಇನ್ನೇನು ಹೊರಟೇಬಿಡುವ ಭಂಗಿಯಲ್ಲಿ ಅದನ್ನು ನಿಲ್ಲಿಸಿದ ಮೇಲೆಯೇ ಅವರು ಕೀಲಿ ಕೀಳುತ್ತಿದ್ದುದು. "ಬರ್ತಿದ್ದ ಹಾಗೇ ಓಡಿಹೋಗೋ ಯೋಚನೆನಾ?" ಎಂದು ನನ್ನ ಗಂಡ ಕೆಣಕಿದರೆ, "ಹೋಗೋ ದಾರಿ ಕಾಣ್ತಾ ಇದ್ರೆ ಕೂತೋರು ನೆಮ್ಮದಿಯಾಗಿ ಕೂತ್ಕೋತಾರೆ ಸಾರ್" ಎನ್ನುತ್ತಿದ್ದರು.

ಬಾಡಿಗೆ ಕಾರಿನ ಚಾಲಕರು; ಅರವತ್ತರ ಆಸುಪಾಸು. ಆಗತಾನೇ ಒರೆಸಿದ ನೆಲದ ಮೇಲೆ ಕಾಲಿಡುವವರಂತೆ ಮಂದಗಮನ. ಋತುಮಾನಗಳಿಗೆ ಸೊಪ್ಪು ಹಾಕದ ಒಂದು ಕಂದು ಕೋಟು. ಅದರ ಬಲಜೇಬಿನಲ್ಲಿ ಮೊಂಡು ಪೆನ್ಸಿಲ್ಲು, ಮಡಿಸಿದ ಕಾಗದ, ಗಾಜು ಒರೆಸುವ ಬಟ್ಟೆ. ಎಡಜೇಬು ಮಾತ್ರ ಯಾವಾಗಲೂ ಖಾಲಿ. ಅದು ಪ್ರಯಾಣಿಕರದಂತೆ. ಸೀಟಿನ ಸಂದಿಯಲ್ಲಿ ಜನ ಮರೆತುಹೋದ ಕನ್ನಡಕ, ಬೀಗದಕೈ, ಮಗುವಿನ ಒಂಟಿ ಕಾಲುಚೀಲ, ಇವೆಲ್ಲ ಆ ಜೇಬಿನಲ್ಲಿ ಕುಳಿತು ಮಾರನೆಯ ದಿನ ತಂತಮ್ಮ ಮನೆ ಸೇರುತ್ತಿದ್ದವು. ಮಾತು ಕಡಿಮೆ. ಏನು ಹೇಳಿದರೂ "ಬರ್ಕೊಂಡೆ" ಎನ್ನುವುದೊಂದು ಅಭ್ಯಾಸ. ಬರೆದುಕೊಂಡಾಗಲೂ ಸರಿ, ಪೆನ್ಸಿಲ್ ಕೈಯಲ್ಲಿ ಇಲ್ಲದಾಗಲೂ ಸರಿ.

ನನಗೆ ಅವರ ಪರಿಚಯವಾದದ್ದು ಮಗಳಿಗೆ ಏಳು ತಿಂಗಳಾಗಿದ್ದಾಗ. ಅದಕ್ಕೂ ಮೂರು ತಿಂಗಳ ಹಿಂದೆ ಜ್ವರ ಏರಿ ಅವಳಿಗೆ ಒಮ್ಮೆ ಫಿಟ್ಸ್ ಬಂದಿತ್ತು. ಎರಡೇ ನಿಮಿಷ. ಪರೀಕ್ಷೆಗಳೆಲ್ಲ ಮುಗಿದು, ಭಯಪಡುವಂಥದ್ದೇನೂ ಇಲ್ಲವೆಂದು ಡಾಕ್ಟರು ಬರೆದುಕೊಟ್ಟ ಚೀಟಿ ಬೀರುವಿನಲ್ಲಿತ್ತು. ಆದರೆ ಆ ಎರಡು ನಿಮಿಷ ನನ್ನೊಳಗೆ ಮುಗಿದೇ ಇರಲಿಲ್ಲ. ಅಂದಿನಿಂದ ನಾನು ಮಗುವನ್ನೆತ್ತಿಕೊಂಡು ಗೇಟಿನಾಚೆ ಕಾಲಿಟ್ಟವಳಲ್ಲ. ಅಮ್ಮ ಫೋನು ಮಾಡಿ "ಏನಾಗಲ್ಲ ಕಣೇ" ಎಂದಳು. ಅತ್ತೆ ಎದುರಿಗೇ "ನಾವೇನು ಹೆತ್ತಿಲ್ವೇನಮ್ಮಾ?" ಎಂದರು. ಕೊನೆಗೆ ನನ್ನ ಗಂಡ, ದ್ರಾಕ್ಷಿ ಕೊಯ್ಲಿನ ಕಾಲ ಬಂದಿದೆ, ಒಂದು ದಿನ ಕಾರು ಮಾಡಿಕೊಂಡು ತೋಟಗಳನ್ನು ನೋಡಿಬರೋಣ ಎಂದರು. ತಾವು ಅಲ್ಲಿ ವೈನು ರುಚಿ ನೋಡುವವರಾದ್ದರಿಂದ ಸ್ಟೀರಿಂಗಿಗೆ ಬೇರೆಯವರು ಬೇಕು ಎಂಬುದು ನೆಪ. ಈ ಸಲವೂ ನಾನು ಒಲ್ಲೆನೆಂದರೆ ಮುಂದೆ ಎಂದೂ ಹೊರಗೆ ಬರಲಾರೆನೆಂಬುದು ನಮ್ಮಿಬ್ಬರಿಗೂ ಗೊತ್ತಿದ್ದ, ಇಬ್ಬರೂ ಆಡದಿದ್ದ ಮಾತು.

"ಫೋನಲ್ಲಿ ಪ್ಲ್ಯಾನ್ ಆಗಲ್ಲ ತಾಯಿ, ಜನ ನೋಡ್ಬೇಕು" ಎಂದು ಎರಡು ದಿನ ಮುಂಚೆ ಚಾಲಕರು ಮನೆಗೇ ಬಂದರು. ಊಟದ ಮೇಜಿನ ಕುರ್ಚಿಯ ಅಂಚಿನಲ್ಲಿ, ಕುರ್ಚಿಗೆ ನೋವಾಗಬಾರದೆಂಬಂತೆ ಕುಳಿತು, ಕಾಗದ ಬಿಡಿಸಿ ಅವರು ಕೇಳಿದ ಮೊದಲ ಪ್ರಶ್ನೆ, "ಮಗು ಎಷ್ಟು ಹೊತ್ತಿಗೆ ಮಲಗತ್ತೆ?"

ನನ್ನ ಗಂಡ ಐದು ತೋಟಗಳ ಪಟ್ಟಿ ಮುಂದಿಟ್ಟರು. ಅದರಲ್ಲಿ ಎರಡರ ಮೇಲೆ ಚಾಲಕರು ಪೆನ್ಸಿಲ್ ಎಳೆದೇಬಿಟ್ಟರು. "ಐದು ನೋಡಿದ್ರೆ ಒಂದೂ ನೆನಪಿರಲ್ಲ ಸಾರ್. ನಾಲ್ಕನೇದಕ್ಕೆ ಬರೋ ಹೊತ್ತಿಗೆ ಬಳ್ಳಿ ಯಾವ್ದು, ಬೇಲಿ ಯಾವ್ದು ಅಂತ ಗೊತ್ತಾಗಲ್ಲ. ಅದೂ ನೀವು ರುಚಿ ನೋಡೋರು!"

ಆಮೇಲೆ ನನ್ನ ಸರದಿ. ಬಿಸಿನೀರು ಎಲ್ಲಿ ಸಿಗುತ್ತದೆ, ಹಣ್ಣು ರಾಶಿ ಹಾಕುವ ಕಡೆ ಜೇನುಹುಳು ಎಷ್ಟು, ಬಳ್ಳಿಗಳಿಗೆ ಯಾವ ದಿನ ಔಷಧಿ ಹೊಡೆಯುತ್ತಾರೆ, ಒಂದೊಂದು ತೋಟದಿಂದಲೂ ಡಾಕ್ಟರು ಎಷ್ಟು ದೂರ... ಪ್ರಶ್ನೆಗಳಿಂದಲೇ ಅವರನ್ನು ಸುಸ್ತು ಮಾಡಿ, "ಇಷ್ಟು ಚಿಕ್ಕ ಮಗು ಇಟ್ಕೊಂಡು ಬೇಡ ಬಿಡಿ" ಎಂದು ಅವರ ಬಾಯಿಂದಲೇ ಹೇಳಿಸುವ ದುರಾಲೋಚನೆ ನನ್ನದು. ಅವರು ನಗಲಿಲ್ಲ, ಸಮಾಧಾನ ಹೇಳಲಿಲ್ಲ. ಒಂದೊಂದಕ್ಕೂ "ಬರ್ಕೊಂಡೆ" ಎಂದರು. ಏಳುವಾಗ, "ಮಗು ತೂಕ ಎಷ್ಟು ತಾಯಿ?" ಎಂದು ಕೇಳಿದರು. ಏಳೂವರೆ ಕೇಜಿ ಎಂದೆ. ಅದನ್ನೂ ಬರೆದುಕೊಂಡರು. ಅವರಿಗೇಕೆ ನನ್ನ ಮಗಳ ತೂಕ ಎಂದು ನಾನು ಎರಡು ದಿನ ತಲೆಕೆಡಿಸಿಕೊಂಡೆ.

ಹೊರಟ ದಿನ ಬೆಳಿಗ್ಗೆ ಮಗುವಿನ ಸೀಟನ್ನು ಬಲಗಡೆಗೆ ಕಟ್ಟಿಸಿದರು. ಹೋಗುವಾಗ ಬಿಸಿಲು ಎಡಕ್ಕೆ ಬೀಳುತ್ತದಂತೆ. ಮುಂದೆ ಸಿಕ್ಕಿಸಿದ್ದ ಅವರ ಕಾಗದದಲ್ಲಿ ದಾರಿಯ ಗೆರೆ, ಗೆರೆಯುದ್ದಕ್ಕೂ ಅಲ್ಲಲ್ಲಿ ಪುಟ್ಟ ಸೊನ್ನೆಗಳು. ದ್ರಾಕ್ಷಿತೋಟಗಳ ಗುರುತೆಂದುಕೊಂಡೆ. ಆದರೆ ತೋಟ ಮೂರು, ಸೊನ್ನೆ ಏಳು. ಪ್ರತಿ ಸೊನ್ನೆಯ ಬಳಿಯೂ ಕಾರು ಉಸಿರು ಬಿಗಿಹಿಡಿದಂತೆ ನಿಧಾನವಾಗಿ, ತಿರುವು ದಾಟಿ, ಮತ್ತೆ ಓಡುತ್ತಿತ್ತು. ಮಗಳು ಕಣ್ಣು ತೆರೆಯಲಿಲ್ಲ.

ಮೊದಲ ತೋಟದ ಗೇಟಿನಲ್ಲಿದ್ದ ಕಾವಲಿನ ಹೆಂಗಸು ನಮ್ಮ ಕಾರು ನೋಡಿದವಳೇ ಜೋರಾಗಿ ನಕ್ಕಳು. "ಏನ್ರೀ ಯಜಮಾನ್ರೇ, ಇವತ್ತು ಕುಂಬಳಕಾಯಿ ಇಳಿಸಿ ಬಂದ್ರಾ?"

ಅವರ ಕೈ ತಾನಾಗಿ ಹೆಗಲಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆಯನ್ನು ಎಷ್ಟೋ ಸಲ ಕೇಳಿದ್ದೆ. ಕಣ್ಣಾರೆ ಕಂಡದ್ದು ಅಂದೇ.

"ನಿನ್ನೆ ಇದೇ ಹೊತ್ತಿಗೆ ಬಂದಿದ್ರು, ಒಬ್ರೇ. ಹಿಂದಿನ ಸೀಟಲ್ಲಿ ಇಷ್ಟು ದಪ್ಪ ಕುಂಬಳಕಾಯಿ! ಇಳಿದೋರೇ ನೆರಳು ಎಲ್ಲಿದೆ, ಬಿಸಿನೀರು ಎಲ್ಲಿದೆ ಅಂತ ಸುತ್ತಿದ್ದೇ ಸುತ್ತಿದ್ದು. ಹಣ್ಣು ಕೇಳ್ಲಿಲ್ಲ, ವೈನು ಕೇಳ್ಲಿಲ್ಲ. ಸ್ವಲ್ಪ ಲೂಸ್ ಇರ್ಬೇಕು ಅಂದ್ಕೊಂಡೆ ನಾನು" ಎಂದಳು ಆಕೆ.

ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಾಲಕರು ಮಾತ್ರ ಅಪರಾಧಿಯಂತೆ ನಿಂತು, "ಏಳೂವರೆ ಕೇಜಿದು ಸಿಗ್ಲಿಲ್ಲ ತಾಯಿ, ಎಂಟಿತ್ತು" ಎಂದರು. "ಅದು ಉರುಳಿದ ಕಡೆ ಮಗೂಗೆ ಎಚ್ಚರ ಆಗತ್ತೆ. ಅಲ್ಲೆಲ್ಲ ಸೊನ್ನೆ ಹಾಕ್ಕೊಂಡೆ."

ಎರಡನೆಯ ತೋಟದಲ್ಲಿ ನಾನು ಅಂಜಿದ್ದದ್ದು ಬಂತು. ಹಂದರದ ಕೆಳಗೆ ಕುಳಿತಿದ್ದಾಗ ಮಗುವಿನ ಹಣೆ ಮುಟ್ಟಿದೆ, ಬಿಸಿ. ಕತ್ತು ಮುಟ್ಟಿದೆ; ಅಲ್ಲೂ ಬಿಸಿ. ಗಂಡನ ಬಾಯಿಂದ "ಏನಾಗಲ್ಲ" ಎಂಬ ಮಾತು ಹೊರಡುವ ಮೊದಲೇ ಎದ್ದು ಕಾರಿನತ್ತ ಓಡಿದೆ. ಅವರು ಬಾಗಿಲು ತೆರೆದು ಹಿಡಿದಿದ್ದರು. ಕಾರಿನ ಮೂತಿ, ಎಂದಿನಂತೆ, ಹೊರಗಡೆಗೆ.

"ಡಾಕ್ಟರ ಹತ್ರ ಹನ್ನೆರಡು ನಿಮಿಷದ ದಾರಿ. ಒಂದು ಗಂಟೆವರೆಗೂ ಇರ್ತಾರೆ, ನಿನ್ನೆ ಮಾತಾಡ್ಸಿ ಬಂದಿದೀನಿ" ಎಂದರು. ದನಿ ಏರಲಿಲ್ಲ. "ಈಗ್ಲೇ ಹೊರಡೋಣ್ವೋ, ಮೈಮೇಲಿನ ಬಟ್ಟೆ ತೆಗೆದು ಹತ್ತು ನಿಮಿಷ ನೋಡೋಣ್ವೋ? ನೀವು ಹೇಳಿದ ಹಾಗೆ."

ನೀವು ಹೇಳಿದ ಹಾಗೆ! ಆ ಮೂರು ತಿಂಗಳಲ್ಲಿ ನನಗೆ ಯಾರೂ ಹೇಳದಿದ್ದ ಮಾತು ಅದು. ಓಡಲು ದಾರಿ ಇದೆಯೆಂದು ತಿಳಿದ ಕೂಡಲೇ ನನ್ನ ಕಾಲುಗಳು ನಿಲ್ಲಬಲ್ಲವಾದವು. ಬೆಳಿಗ್ಗೆ ನಾನೇ ಒಂದರ ಮೇಲೊಂದು ತೊಡಿಸಿದ್ದ ಮೂರು ಉಣ್ಣೆ ಅಂಗಿಗಳನ್ನು ಕಳಚಿ, ನೆರಳಲ್ಲಿ ಕುಳಿತೆ. ಅವರು ಕೈಗಡಿಯಾರ ಬಿಚ್ಚಿ ನನ್ನ ಅಂಗೈಗಿಟ್ಟು ದೂರ ಸರಿದು ನಿಂತರು. ಐದು ನಿಮಿಷಕ್ಕೆ ಕತ್ತು ತಣ್ಣಗಾಯಿತು. ಎಂಟು ನಿಮಿಷಕ್ಕೆ ಮಗಳು ಕೈ ನೀಡಿ, ತೂಗುತ್ತಿದ್ದ ಗೊಂಚಲಿಂದ ಒಂದು ಹಣ್ಣು ಕಿತ್ತು ಮುಷ್ಟಿಯಲ್ಲಿ ಹಿಸುಕಿ, ಆ ಕೈಯನ್ನು ನನ್ನ ಕೆನ್ನೆಗೆ ಒರೆಸಿದಳು. ಹತ್ತಾದ ಮೇಲೆ ನಾನು ಅವರತ್ತ ತಿರುಗಿ "ಮುಂದಿನ ತೋಟ ಎಷ್ಟು ದೂರ?" ಎಂದೆ.

ಮೂರನೆಯ ತೋಟವನ್ನು ಮಗಳು ನಿದ್ದೆಯಲ್ಲೇ ನೋಡಿದಳು; ನನ್ನ ಗಂಡ ಹೆಚ್ಚುಕಡಿಮೆ ಹಾಗೆಯೇ. ಹಿಂದಿರುಗುವಾಗ ಇಬ್ಬರೂ ಮಲಗಿದ್ದರು. "ನಿಮಗೆ ಭಯವೇ ಆಗೋದಿಲ್ವಾ?" ಎಂದು ಕೇಳಿದೆ.

"ಆಗದೆ ಏನು ತಾಯಿ! ಅದಕ್ಕೇ ಹಿಂದಿನ ದಿನ ಒಬ್ನೇ ಹೋಗಿ ಭಯಪಟ್ಟು ಬಂದ್ಬಿಡ್ತೀನಿ. ಜನ ಕೂತ್ಮೇಲೆ ಭಯಪಟ್ರೆ ಗಾಡಿ ಓಡ್ಸೋರ್ಯಾರು?"

ಎರಡು ವರ್ಷದಿಂದ ಅವರು ಮಂಡಿನೋವೆಂದು ಗಾಡಿ ಬಿಟ್ಟಿದ್ದಾರೆ. ಮಗಳಿಗೀಗ ಐದು, ನಾಳೆ ಮೊದಲ ಸಲ ಶಾಲೆ. ಇವತ್ತು ಬೆಳಿಗ್ಗೆ, ಶಾಲೆಗೆ ಹೊರಡುವ ಹೊತ್ತಿಗೇ, ನಾನೊಬ್ಬಳೇ ಆ ದಾರಿಯಲ್ಲಿ ನಡೆದು ಹೋಗಿ ಬಂದೆ. ಎರಡು ಅಡ್ಡರಸ್ತೆ, ಒಂದು ಮುಚ್ಚಳವಿಲ್ಲದ ಮೋರಿ, ಗೇಟಿನ ಬಳಿ ಕಟ್ಟಿಹಾಕಿದ ನಾಯಿ. ಮೋರಿಯ ಹತ್ತಿರ ನಿಂತು ಸಾಕಾಗುವಷ್ಟು ಹೆದರಿದೆ. ಮನೆಗೆ ಬಂದು ಅವರಿಗೆ ಫೋನು ಮಾಡಿ ಹೇಳಿದೆ. ಅವರು ಕೇಳಿದ್ದು ಒಂದೇ: "ಬಿಸಿಲು ಯಾವ ಕಡೆ ತಾಯಿ?"

"ಎಡಕ್ಕೆ. ಬರ್ಕೊಂಡೆ" ಎಂದೆ.

ಧೈರ್ಯವಂತರೆಂದು ನಾವು ಯಾರನ್ನು ಕರೆಯುತ್ತೇವೆಯೋ ಅವರಲ್ಲಿ ಹಲವರು ಇಂಥವರೇ ಇರಬೇಕು: ನಮ್ಮ ಪಾಲಿನ ಅಂಜಿಕೆಯನ್ನು ಹಿಂದಿನ ದಿನವೇ ಒಂಟಿಯಾಗಿ ಅಂಜಿ ಮುಗಿಸಿ, ಮರುದಿನ ಏನೂ ಅರಿಯದವರ ಹಾಗೆ ಬಾಗಿಲು ತೆರೆದು ನಿಲ್ಲುವವರು. ಅವರು ಸೊನ್ನೆ ಹಾಕಿಟ್ಟ ತಿರುವುಗಳನ್ನು ನಾವು ನಿದ್ದೆಯಲ್ಲಿ ದಾಟುತ್ತೇವೆ. ಎಚ್ಚರಾದಾಗ, ದಾರಿ ಎಷ್ಟು ಚೆನ್ನಾಗಿತ್ತು ಎನ್ನುತ್ತೇವೆ.