ತೊರೆಯಿಂದ ಎಪ್ಪತ್ತು ಹೆಜ್ಜೆ

ಕಾಡು, ಗುಡ್ಡ, ದ್ವೀಪ ಎಂದು ನಾಲ್ಕು ದಿನ ನಡೆಯಲು ಹೊರಡುವವರು ಊಟದ ಬಗ್ಗೆ ಕೇಳುತ್ತಾರೆ, ಬೂಟಿನ ಬಗ್ಗೆ ಕೇಳುತ್ತಾರೆ, ಹಾವಿನ ಬಗ್ಗೆ ಕೇಳುತ್ತಾರೆ. ಬೆಳಿಗ್ಗೆ ಎದ್ದು ಬಹಿರ್ದೆಸೆಗೆ ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ನಾವೂ ಕೇಳಲಿಲ್ಲ. ಆಮೇಲೆ ಆದದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾನು ಬ್ಯಾಗು ರಿಪೇರಿ ಮಾಡುವವಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ. ಜಿಪ್ಪು ಕಿತ್ತದ್ದು, ಪಟ್ಟಿ ಹರಿದದ್ದು ತಂದುಕೊಡುವ ಚಾರಣದ ಜನ ಕಡಲಿನ ಒಂದು ದ್ವೀಪದ ಬಗ್ಗೆ ಹೇಳಿ ಹೇಳಿ ನನಗೂ ಆಸೆ ಹತ್ತಿಸಿದ್ದರು. ಅಲ್ಲಿ ರಸ್ತೆಯಿಲ್ಲ, ಅಂಗಡಿಯಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ದೋಣಿ ನಮ್ಮನ್ನು ಇಳಿಸಿ ಹೋದರೆ ಐದನೇ ದಿನವೇ ಮತ್ತೆ ಬರುವುದು. ಕುಡಿಯುವ ನೀರಿಗೆ ಇಡೀ ದ್ವೀಪಕ್ಕೆ ಇರುವುದು ಒಂದೇ ತೊರೆ.

ಹೊರಟವರು ನಾಲ್ವರು. ನಾನು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನಮ್ಮ ಯಜಮಾನರು, ಹತ್ತು ವರ್ಷದ ಮಗಳು ಗುಬ್ಬಿ, ಮತ್ತೆ ನನ್ನ ತಂಗಿ. ತಂಗಿಗೆ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ.

ದೋಣಿ ಇಳಿದ ಕಡೆಯೇ ದ್ವೀಪದ ಕಾವಲಿನ ಹೆಂಗಸಿನ ಗುಡಿಸಲು. ಎಲ್ಲರೂ ಅವರನ್ನು ಗಾರ್ಡಮ್ಮ ಎನ್ನುತ್ತಾರೆ. ಆಕೆ ನಮ್ಮ ಕೈಗೆ ಒಂದು ಪುಟ್ಟ ಸಲಿಕೆ ಕೊಟ್ಟರು.

"ನೋಡಿ, ಇದು ಆಟದ ಸಾಮಾನಲ್ಲ. ಬಯಲಿಗೆ ಹೋಗೋವಾಗ ತೊರೆಯಿಂದ, ದಾರಿಯಿಂದ, ಟೆಂಟಿನಿಂದ ಎಪ್ಪತ್ತು ಹೆಜ್ಜೆ ಆಚೆ ಹೋಗಿ. ಒಂದು ಗೇಣು ಆಳ ಅಗೀರಿ. ಕೆಲಸ ಆದ್ಮೇಲೆ ಮಣ್ಣು ಮುಚ್ಚಿ, ಕೈ ಸೋಪಲ್ಲಿ ತೊಳ್ಕೊಳ್ಳಿ. ಕಾಗದ ಇದ್ರೆ ಚೀಲಕ್ಕೆ ಹಾಕಿ ವಾಪಸ್ ತನ್ನಿ. ನೀರು ಕುದಿಸದೆ ಕುಡೀಬೇಡಿ."

ಯಜಮಾನರು ನಕ್ಕುಬಿಟ್ಟರು. "ಅಲ್ಲಮ್ಮ, ಕಾಡಲ್ಲಿ ಹಂದಿ ಇದಾವೆ, ಜಿಂಕೆ ಇದಾವೆ. ಅವೆಲ್ಲಾ ಸಲಿಕೆ ಹಿಡ್ಕೊಂಡು ಹೋಗ್ತಾವಾ?"

"ಹಂದಿಗಳು ದೋಣಿ ತುಂಬ್ಕೊಂಡು ಬರಲ್ಲ ಸ್ವಾಮಿ," ಎಂದರು ಗಾರ್ಡಮ್ಮ. ಆಕೆಗೆ ನಗು ಬಂದಿರಲಿಲ್ಲ.

ತಂಗಿಯೂ ಹೇಳಿದಳು. "ಭಾವ, ಒಂದು ಚಿಟಿಕೆ ಹೊಲಸು ಸಾಕು, ಡ್ರಮ್ಮುಗಟ್ಟಲೆ ನೀರು ಕೆಡುತ್ತೆ. ನೀರು ನೋಡೋಕೆ ಮಾತ್ರ ಚೆನ್ನಾಗೇ ಇರುತ್ತೆ."

"ನಿಮ್ಮ ಲ್ಯಾಬಿನವರಿಗೆ ಗಾಳೀಲೂ ರೋಗವೇ ಕಾಣೋದು, ಬಿಡು," ಎಂದು ಅವರು ಸಲಿಕೆಯನ್ನು ತಮ್ಮ ಬ್ಯಾಗಿನ ತಳಕ್ಕೆ ತುರುಕಿದರು. ಅದರ ಮೇಲೆ ಬಟ್ಟೆ, ಹಗ್ಗ, ಹಿಟ್ಟಿನ ಡಬ್ಬ ಎಲ್ಲ ಬಿತ್ತು.

ಸಂಜೆಗೆ ತೊರೆಯ ಪಕ್ಕ ಟೆಂಟು ಹಾಕಿದೆವು. ಕತ್ತಲಾಗುವಷ್ಟರಲ್ಲಿ ಯಜಮಾನರು ಎರಡು ಮೂರು ಸಲ ಎದ್ದು ಹೋಗಿಬಂದರು. ಕೇಳಿದರೆ, "ಸೂರ್ಯ ಮುಳುಗೋದು ನೋಡ್ತಿದ್ದೆ ಕಣೇ," ಎಂದರು. ಆಮೇಲೆ ಸಣ್ಣಗೆ ಮಳೆ ಹನಿಯಿತು.

ಮರುದಿನ ಎದ್ದಾಗ ತೊರೆ ಗಾಜಿನ ಹಾಗೆ ಹೊಳೆಯುತ್ತಿತ್ತು. ತಂಗಿ ಸ್ಟೌವು ಹಚ್ಚಿ ನೀರಿಡಲು ಹೋದಳು. ನಾನೇ ತಡೆದೆ. "ಗ್ಯಾಸು ಖಾಲಿಯಾದ್ರೆ ನಾಲ್ಕನೇ ದಿನ ಹಸಿ ಹಿಟ್ಟು ತಿನ್ನೋದಾ? ಇಷ್ಟು ತಿಳಿ ನೀರಿಗೆ ಏನಾಗುತ್ತೆ?" ಅವಳು ಮುಖ ಊದಿಸಿಕೊಂಡು ತನ್ನ ಬಾಟಲಿಗೆ ಬೇಕಾದಷ್ಟು ಮಾತ್ರ ಕುದಿಸಿಕೊಂಡಳು. ಗುಬ್ಬಿ ಬೊಗಸೆಯಲ್ಲಿ ಮೊಗೆದು ಮೊಗೆದು ಕುಡಿದಳು. ನೋಡಿ ಖುಷಿಪಟ್ಟವಳು ನಾನು.

ಎರಡು ದಿನ ಸ್ವರ್ಗದ ಹಾಗೇ ಇತ್ತು. ಕಡಲ ಹಕ್ಕಿಗಳ ಬಂಡೆಗೆ ಹೋಗಿಬಂದೆವು. ಮೂರನೇ ದಿನ ಸಂಜೆ ಗುಬ್ಬಿ ಹೊಟ್ಟೆ ಹಿಡಿದುಕೊಂಡು ಕುಳಿತಳು. ವಾಂತಿ ಶುರುವಾಯಿತು, ಹಿಂದೆಯೇ ಭೇದಿ. ಬೆಳಗಾಗುವಷ್ಟರಲ್ಲಿ ಅವಳ ಕಣ್ಣು ಗುಳಿಬಿದ್ದು, ನಾಲಿಗೆ ಒಣಗಿ ಹೋಗಿತ್ತು. ಅಳುತ್ತಿದ್ದಳು, ಕಣ್ಣೀರೇ ಬರುತ್ತಿರಲಿಲ್ಲ.

"ಅಕ್ಕ, ಮೈಯಲ್ಲಿ ನೀರೇ ಉಳಿದಿಲ್ಲ. ಈಗಲೇ ಹೊರಡಬೇಕು," ಎಂದಳು ತಂಗಿ. ಯಜಮಾನರು ಬ್ಯಾಗನ್ನು ಅಲ್ಲೇ ಬಿಸಾಕಿ ಮಗಳನ್ನು ಬೆನ್ನಿಗೆ ಹಾಕಿಕೊಂಡರು. ಗಾರ್ಡಮ್ಮನ ಗುಡಿಸಲಿಗೆ ಎರಡು ಗಂಟೆಯ ದಾರಿ. ಒಂದು ಕಡೆಯೂ ಕೂರಲಿಲ್ಲ.

ಗಾರ್ಡಮ್ಮ ವೈರ್‌ಲೆಸ್ಸಿನಲ್ಲಿ ದೋಣಿಗೆ ಕೂಗಿದರು. ಸಮುದ್ರ ಎದ್ದಿದೆ, ನಾಳೆಯವರೆಗೆ ಆಗುವುದಿಲ್ಲ ಎಂದು ಉತ್ತರ ಬಂತು. ಆಕೆ ಕೂಡಲೇ ಒಂದು ಲೀಟರ್ ನೀರು ಕುದಿಸಿ ಆರಿಸಿದರು. ಅದಕ್ಕೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿದರು, ಚಮಚದ ಮೇಲೆ ಗೋಪುರ ಏಳದ ಹಾಗೆ ಸಮ ಮಾಡಿ ಅಳೆದು. "ಒಂದೊಂದೇ ಗುಟುಕು ಕೊಡಿ. ವಾಂತಿ ಆದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ನಿಲ್ಲಿಸಬೇಡಿ."

ನಾನು ಚಮಚದಲ್ಲಿ ಕುಡಿಸತೊಡಗಿದೆ. ಸಿಟ್ಟು ನೆತ್ತಿಗೇರಿತು. "ತೊರೆ ನೀರು ಕೆಡಿಸಿದ ಗಲೀಜು ಜನ ಯಾರು? ತಿನ್ನೋಕೆ ಬರುತ್ತೆ, ಎಲ್ಲಿ ಕೂರಬೇಕು ಅಂತ ಗೊತ್ತಾಗಲ್ವಾ? ಅವರ ಮನೇಲಿ ಮಕ್ಕಳಿಲ್ವಾ? ನನ್ನ ಕೈಗೆ ಸಿಕ್ಕಲಿ, ಕೆನ್ನೆಗೆ ನಾಲ್ಕು ಬಾರಿಸ್ತೀನಿ!"

ಗಾರ್ಡಮ್ಮ ತಲೆ ಎತ್ತದೆ ಹೇಳಿದರು. "ನಿಮಗಿಂತ ಮುಂಚೆ ಬಂದವರು ಹೋಗಿ ಹನ್ನೆರಡು ದಿನ ಆಯ್ತು. ನೀವು ಬರೋ ಹಿಂದಿನ ದಿನ ನಾನೇ ತೊರೆ ಉದ್ದಕ್ಕೂ ನಡೆದು ನೋಡಿದೀನಿ, ಏನೂ ಇರಲಿಲ್ಲ. ಈಗ ದ್ವೀಪದಲ್ಲಿ ಇರೋರು ನೀವಷ್ಟೇ."

ತಂಗಿ ನಿಧಾನವಾಗಿ ತನ್ನ ಭಾವನ ಕಡೆ ತಿರುಗಿದಳು.

"ನಾನೇ," ಎಂದರು ಯಜಮಾನರು. "ಊರಿಂದ ಹೊರಡೋ ಹಿಂದಿನ ದಿನವೇ ಹೊಟ್ಟೆ ಕೆಟ್ಟಿತ್ತು. ಹೇಳಿದ್ರೆ ನೀವು ಹೊರಡೋದೇ ಬಿಡ್ತೀರ ಅಂತ ಸುಮ್ನಾದೆ. ಕೆಳಗೆ ಟೆಂಟಿತ್ತಲ್ಲ, ನೀವು ನೋಡ್ತೀರ ಅಂತ ತೊರೆ ಮೇಲುಗಡೆ ಹೋದೆ. ಬಂಡೆ ಹಿಂದೆ. ಹತ್ತು ಹೆಜ್ಜೆ ಇರಬಹುದು. ಸಲಿಕೆ ತಳದಲ್ಲಿತ್ತು. ಯಾರು ತೆಗೀತಾರೆ ಅಂತ…"

ನಾನು ಏನೇನು ಬೈದೆನೋ ಈಗ ನೆನಪಿಲ್ಲ. ಹದಿಮೂರು ವರ್ಷದ ಸಂಸಾರದಲ್ಲಿ ಹಾಗೆ ಬೈದವಳಲ್ಲ. ಕೊನೆಗೆ ಗಾರ್ಡಮ್ಮನೇ ಗದರಿದರು. "ಬೈಯೋದು ಆಮೇಲೆ. ಚಮಚ ನಿಂತುಹೋಗಿದೆ ನೋಡಿ!"

ಮತ್ತೆ ಯಜಮಾನರ ಕಡೆ ತಿರುಗಿದರು. "ಹನ್ನೊಂದು ವರ್ಷದಿಂದ ಬಂದವರಿಗೆಲ್ಲ ಹೇಳ್ತಿದೀನಿ. ಎಲ್ಲರೂ ತಲೆ ಅಲ್ಲಾಡಿಸ್ತಾರೆ, ತೊರೆ ಮುಂದೆ ನಿಂತು ಫೋಟೋ ತೆಗೀತಾರೆ, ಅದೇ ತೊರೆ ದಡದಲ್ಲಿ ಕೂರ್ತಾರೆ! ನಾನೂ ಅದೇ ನೀರು ಕುಡಿಯೋಳು. ಹೇಳೋಕೆ ನಾಚಿಕೆ ಆಗುತ್ತಲ್ಲ ನಿಮಗೆ, ಹಾಗೆ ಮಾಡೋಕೆ ಆಗಲ್ವಾ?"

ನನಗೆ ಅಷ್ಟಕ್ಕೂ ಸಮಾಧಾನವಾಗಿರಲಿಲ್ಲ. ಆಗ ತಂಗಿ ಮೆಲ್ಲಗೆ ಅಂದಳು, "ಅಕ್ಕ, ಭಾವ ಮಾಡಿದ್ದು ತಪ್ಪೇ. ಆದ್ರೆ ಕುದಿಸಬೇಡ ಅಂದವಳು ನೀನು." ನಿಜವಾಗಿತ್ತು. ಗ್ಯಾಸು ಉಳಿಸಲು ಹೋಗಿ ಮಗಳನ್ನೇ ಕಳೆದುಕೊಳ್ಳುತ್ತಿದ್ದೆ.

ಇಡೀ ದಿನ ಸರದಿಯಲ್ಲಿ ಗುಟುಕು ಗುಟುಕಾಗಿ ಕುಡಿಸಿದೆವು. ಸಂಜೆ ಐದರ ಹೊತ್ತಿಗೆ ಗುಬ್ಬಿ, "ಚಿಕ್ಕಮ್ಮ, ಉಚ್ಚೆ ಬರ್ತಿದೆ," ಎಂದಳು. ಗಾರ್ಡಮ್ಮ ಕೈಮುಗಿದುಬಿಟ್ಟರು. "ಬಂತಲ್ಲ, ಮೈಗೆ ನೀರು ಹತ್ತಿದೆ, ಇನ್ನು ಹೆದರಬೇಡಿ." ಉಚ್ಚೆ ಹೊಯ್ದದ್ದಕ್ಕೆ ಒಂದು ಮನೆಮಂದಿಯೆಲ್ಲ ಅತ್ತದ್ದು ಬೇರೆಲ್ಲೂ ಇರಲಾರದು.

ಅಷ್ಟು ಹೊತ್ತಿಗೆ ಯಜಮಾನರು ಮತ್ತೆ ತೊರೆಗೆ ಹೋಗಿ ಬಂದಿದ್ದರು. ಬಂಡೆ ಹಿಂದಿನದನ್ನು ಬಳಿದು, ದೂರ ಒಯ್ದು, ಹೂತು ಬಂದಿದ್ದರು. ಮೊಣಕಾಲಿನವರೆಗೆ ಕೆಸರು. ಬಂದವರು ಹೊರಗೇ ಸೋಪು ಹಾಕಿ ಕೈ ಉಜ್ಜಿದರು, ತಂಗಿ "ಸಾಕು ಭಾವ" ಅನ್ನುವವರೆಗೂ ಉಜ್ಜಿದರು.

ಐದನೇ ದಿನ ದೋಣಿ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, "ನಿನ್ನೆ ಆ ಸಕ್ಕರೆ ಉಪ್ಪಿನ ನೀರು ಕುಡಿಸದೇ ಇದ್ದಿದ್ರೆ ಈ ಹುಡುಗಿ ಇಲ್ಲಿವರೆಗೆ ಬರ್ತಿರಲಿಲ್ಲ," ಎಂದರು. ಎರಡು ದಿನ ಡ್ರಿಪ್ ಹಾಕಿಸಿಕೊಂಡು ಗುಬ್ಬಿ ಮನೆಗೆ ಬಂದಳು.

ಈಗ ನನ್ನ ಅಂಗಡಿಗೆ ದೊಡ್ಡ ಬ್ಯಾಗು ತಂದವರನ್ನು ನಾನು ಬರಿಗೈಯಲ್ಲಿ ಕಳಿಸುವುದಿಲ್ಲ. ಸಲಿಕೆ ಇಡಲು ಹೊರಗಡೆ ಒಂದು ಜೇಬು ಹೊಲಿದುಕೊಡುತ್ತೇನೆ, ಈ ಕಥೆಯನ್ನೂ ಹೇಳುತ್ತೇನೆ. ಕೆಲವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಡಿಪೋದಲ್ಲಿ ಯಜಮಾನರು ತಮ್ಮ ತಪ್ಪನ್ನು ತಾವೇ ಎಲ್ಲರೆದುರು ಹೇಳಿಕೊಳ್ಳುತ್ತಾರೆ.

ನೀವೂ ಹೋಗುವವರಿದ್ದೀರಿ. ಕಾಡು ದೊಡ್ಡದು, ಒಬ್ಬರಿಂದ ಏನಾಗುತ್ತದೆ ಎಂದುಕೊಳ್ಳಬೇಡಿ. ಎಪ್ಪತ್ತು ಹೆಜ್ಜೆ ನಡೆಯಿರಿ, ಒಂದು ಗೇಣು ಅಗೆಯಿರಿ, ಮುಚ್ಚಿ, ಕೈ ತೊಳೆಯಿರಿ. ಎಷ್ಟು ತಿಳಿಯಾಗಿದ್ದರೂ ನೀರು ಕುದಿಸಿ. ಹೊಟ್ಟೆ ಕೆಟ್ಟಿದ್ದರೆ ಜೊತೆಯವರಿಗೆ ಬಾಯಿಬಿಟ್ಟು ಹೇಳಿ. ನೀವು ಕೂತ ಜಾಗದಿಂದ ಕೆಳಗೆ ಯಾರದೋ ಮಗು ನೀರಿಗೆ ಬೊಗಸೆ ಒಡ್ಡುತ್ತಿರುತ್ತದೆ.