ಡ್ರಮ್ಮಿನ ನಡುವಿನ ಕಾವು

"ಎಂಟ್ನೇ ಕ್ಲಾಸ್‌ಗೇ ಇಸ್ಕೂಲ್ ಬುಟ್ಟೋನು ಕಣ್ರಪ್ಪ ಇವ್ನು! ಗಡಿಯಾರ ನೋಡಕ್ಕೆ ಬರಲ್ಲ, ನಂಗೆ ಕಾವು ಏಳ್ಕೊಡಕ್ಕೆ ಬಂದವ್ನೆ!"

ಗುಂಡ್ಲುಪೇಟೆಯ ಮಂಡಿಯಲ್ಲಿ ಹತ್ತು ಹನ್ನೆರಡು ರೈತರ ಮುಂದೆ ರಾಜಶೇಖರ್ ಹೀಗೆ ಕೂಗಿದ. ಟ್ರ್ಯಾಕ್ಟರಿಗೆ ಹಬೆ ಬಾಯ್ಲರ್ ಕಟ್ಟಿಕೊಂಡು ಊರೂರು ಸುತ್ತಿ ರೈತರ ಅರಿಶಿನವನ್ನು ಡ್ರಮ್ಮಿಗೆ ತುಂಬಿ ಬೇಯಿಸಿಕೊಡುವುದು ಅವನ ಕಸುಬು. ಬೈಸಿಕೊಂಡವನು ಅವನ ಆಳು ಶಿವಮಲ್ಲು.

ವ್ಯಾಪಾರಿ ಮಹದೇವಸ್ವಾಮಿ ಆಗಷ್ಟೇ ಒಣ ಕೊಂಬೊಂದನ್ನು ಲಟಕ್ಕನೆ ಮುರಿದು ತೋರಿಸಿದ್ದ. ಅಂಚಿಗೆ ಕೆಂಪು ಬಣ್ಣ, ನಡುವೆ ಬೂದಿ ಮೆತ್ತಿದಂತೆ. ಬೇಯದೆ ಒಣಗಿದ ಸರಕು. ಅದು ಹರವೆಯ ಕರಿಬಸಮ್ಮನ ಹೊಲದ್ದು.

"ಮೀಟ್ರು ಮುಳ್ಳು ನೂರಕ್ಕೆ ಬರೋಕ್ ಮುಂಚೆನೇ ಇವ್ನು ಮುಚ್ಚಳ ತೆಗ್ದವ್ನೆ. ನಿದ್ದೆಗಣ್ಣು!" ಎಂದ ರಾಜಶೇಖರ್.

"ಸುಳ್ಳು ಏಳ್ಬೇಡಿ ಸಾವ್ಕಾರ್ರೆ. ಮುಳ್ಳು ನೂರಕ್ಕೇ ಬಂದಿತ್ತು. ನಡುಕ್ಕೆ ಕಾವು ಓಗಿಲ್ಲ, ಇನ್ನತ್ತು ನಿಮಿಷ ಬುಡಿ ಅಂತ ನಾನೇ ಬಡ್ಕಂಡೆ."

"ನೋಡಿ ನೋಡಿ, ಒಂದೇ ಡ್ರಮ್ಮಲ್ಲಿ ಅಂಚಿಗೊಂದು ಕಾವಂತೆ, ನಡುಕ್ಕೊಂದು ಕಾವಂತೆ!"

ಮಂಡಿಯೆಲ್ಲ ನಕ್ಕಿತು. ಸಂಜೆಯ ಹೊತ್ತಿಗೆ ಶಿವಮಲ್ಲುವಿನ ಕೆಲಸವೂ ಹೋಯಿತು, ಹೆಸರೂ ಹೋಯಿತು. ಹೊಸ ಹೆಸರು ಹಸಿಮಲ್ಲು. ಚಾಮರಾಜನಗರದ ಕಡೆಯ ಬಾಯ್ಲರ್‌ನವರನ್ನು ಕೆಲಸ ಕೇಳಿದರೆ ಅವರೂ ಅದೇ ಹೆಸರು ಹಿಡಿದು ಕರೆದು, ಹಲ್ಲು ಕಿರಿದು ಕಳಿಸಿದರು. ಮೈಯೆಲ್ಲ ಉರಿಯಿತು. ತಪ್ಪು ತನ್ನದಲ್ಲ ಎಂದು ಜನರ ಮುಂದೆ ತೋರಿಸುವ ತನಕ ಈ ಕಸುಬಿನಲ್ಲಿ ತನಗೆ ಅನ್ನವಿಲ್ಲ ಎಂಬುದು ಅವನಿಗೆ ಗೊತ್ತಾಯಿತು.

ನಡುವಿನ ಕಾವು ಬೇರೆ ಎಂಬುದನ್ನು ಅವನಿಗೆ ಯಾವ ಮೇಷ್ಟರೂ ಕಲಿಸಿರಲಿಲ್ಲ, ಅವನ ಕೈ ಕಲಿಸಿತ್ತು. ಬೆಂದ ಡ್ರಮ್ಮು ಬರಿದು ಮಾಡುವಾಗ ಅಂಚಿನ ಕೊಂಬು ಬೊಬ್ಬೆ ಎಬ್ಬಿಸುತ್ತಿತ್ತು, ನಡುವಿನದು ಹಾಲು ಕುಡಿಯುವ ಬಿಸಿಗೂ ಇರುತ್ತಿರಲಿಲ್ಲ. ಕೆಲಸದಲ್ಲಿದ್ದಾಗಲೇ ಯಾಕೆ ಎಂಬ ಹುಳ ತಲೆಗೆ ಹೊಕ್ಕಿತ್ತು. ಚಾಮರಾಜನಗರದಲ್ಲಿ ಬಣ್ಣದ ಮೀನು ಮಾರುವ ಅಂಗಡಿಗೆ ಹೋಗಿ, ಮೀನಿನ ತೊಟ್ಟಿಗೆ ಇಳಿಬಿಡುವ ವೈರಿನ ಥರ್ಮಾಮೀಟರು ಮೂರು ತಂದಿದ್ದ. ಅವುಗಳನ್ನು ಒಂದು ಕಬ್ಬಿಣದ ಕೊಳವೆಗೆ ಮೂರು ಎತ್ತರದಲ್ಲಿ ಕಟ್ಟಿದ. ಅಂಚಿಗೆ ಚುಚ್ಚಿದ, ನಡುವಿಗೆ ಚುಚ್ಚಿದ, ಎರಡರ ಮಧ್ಯೆ ಚುಚ್ಚಿದ. ಹಳೆಯ ಲಗ್ನಪತ್ರಿಕೆಯ ಬೆನ್ನಿಗೆ ಡ್ರಮ್ಮಿನ ಚಿತ್ರ ಬರೆದು, ಚುಚ್ಚಿದ ಜಾಗದಲ್ಲೆಲ್ಲ ಕಾವು ಬರೆದುಕೊಂಡ.

ಕರಿಬಸಮ್ಮನ ಸರಕು ಬೆಂದ ದಿನ ಅವನು ಬರೆದದ್ದು ಹೀಗಿತ್ತು: ಮೇಲೆ ಬರೀ ಹಬೆ, ತೊಂಬತ್ತೊಂಬತ್ತು. ಅಂಚಿಗೆ ತೊಂಬತ್ತಾರು. ಹಬೆ ತಣಿದು ನೀರಾಗಿ ನಿಂತ ತಳದಲ್ಲಿ ಎಪ್ಪತ್ತು. ನಟ್ಟನಡುವೆ ನಲವತ್ತಾರು. ಶಿವರಾತ್ರಿ ಕಳೆದು ಬಿದ್ದ ಮಳೆಗೆ ಕೊಂಬಿನ ತುಂಬ ಕರಿಮಣ್ಣು ಮೆತ್ತಿತ್ತು. ತೊಳೆಯಲು ರಾಜಶೇಖರ್ ಬಿಟ್ಟಿರಲಿಲ್ಲ. ಮಣ್ಣು ಕೆಸರಾಗಿ ನಡುವೆ ಗಟ್ಟಿಯಾಗಿ ಕೂತು, ಹಬೆ ಸುಲಭದ ದಾರಿ ಹುಡುಕಿ ಅಂಚಿನಿಂದ ಮೇಲಕ್ಕೆ ಹಾರಿತ್ತು. ಮೇಲಿನ ಮುಳ್ಳು ಆ ಹಬೆಯನ್ನು ಮಾತ್ರ ನೋಡಿ ನೂರು ಎಂದಿತ್ತು.

ಆ ಡ್ರಮ್ಮಿನ ನಡುವೆ ಇನ್ನೊಂದು ವಸ್ತುವೂ ಇತ್ತು. ಮೊದಲು ಅಗೆದ ಗೆಡ್ಡೆಯನ್ನು ಮಣ್ಣು ಕೊಡವದೆ, ಅದರದೇ ಎಲೆಯಲ್ಲಿ ಸುತ್ತಿ, ಮೊದಲ ಡ್ರಮ್ಮಿನ ನಡುವೆ ಇಟ್ಟು ಬೇಯಿಸುವುದು ಕರಿಬಸಮ್ಮನ ಮನೆಯ ರೂಢಿ. ಬೆಂದ ಮೇಲೆ ಅದನ್ನು ಒಣಹಾಕದೆ ದೇವರ ಗೂಡಿನಲ್ಲಿಡುತ್ತಾರೆ. ಅದು ಮಾದಪ್ಪನ ಪಾಲು.

ಮಂಡಿಯ ಗಲಾಟೆಯಾಗಿ ತಿಂಗಳಾಗಿತ್ತು. ಹರವೆಯಿಂದ ಸುದ್ದಿ ಬಂತು: ಮಾದಪ್ಪನ ಪಾಲು ಮೊಳಕೆಯೊಡೆದಿದೆ.

ಶಿವಮಲ್ಲು ಕುಣಿದುಬಿಟ್ಟ. ಬೆಂದ ಅರಿಶಿನ ಎಲ್ಲಾದರೂ ಚಿಗುರುತ್ತದೆಯೇ? ನಲವತ್ತಾರಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಲಗ್ನಪತ್ರಿಕೆಯನ್ನು ಜೇಬಿಗೆ ತುರುಕಿಕೊಂಡು ಸಿಕ್ಕ ಬಸ್ಸು ಹತ್ತಿದ.

ಕರಿಬಸಮ್ಮನ ಜಗಲಿಯ ತುಂಬ ಜನ. ರಾಜಶೇಖರನೂ ಬಂದು ಮುಂದೆಯೇ ನಿಂತಿದ್ದ. ಗೂಡಿನೊಳಗೆ ಆ ಗೆಡ್ಡೆ, ಅದರ ನೆತ್ತಿಯ ಮೇಲೆ ಬೆರಳುದ್ದದ ಹಸಿರು ಕುಡಿ.

"ಅವ್ವಾರೆ, ನೋಡಿ," ಎಂದು ಶಿವಮಲ್ಲು ಕಾಗದ ಬಿಡಿಸಿದ. "ಈ ಜಾಗದಲ್ಲಿತ್ತು ನಿಮ್ ಗೆಡ್ಡೆ. ಬರೀ ನಲವತ್ತಾರು. ಬೆಂದೇ ಇಲ್ಲ, ಅದ್ಕೇ ಬದ್ಕಂಡದೆ. ನಿಮ್ ಸರಕು ಕೆಟ್ಟಿದ್ದೂ ಇದ್ಕೇಯ."

ಮುಂದೆ ನಿಂತವರು ಕಾಗದದ ಮೇಲೆ ಬಗ್ಗಿದರು. ಗೆದ್ದೆ ಅಂದುಕೊಂಡ.

"ಥೂ ನಿನ್ನ!" ಎಂದಳು ಹಿಂದಿದ್ದ ಗುರುಮಲ್ಲಮ್ಮ ಎಂಬ ಮುದುಕಿ. "ದೇವ್ರಿಗೂ ಮೀಟ್ರು ಇಕ್ತಿಯೇನ್ಲಾ?"

ರಾಜಶೇಖರನಿಗೆ ಅಷ್ಟು ಸಾಕಾಯಿತು. ಮಂಡಿಯಲ್ಲಿ ಮುಳ್ಳು ನೂರಕ್ಕೆ ಬಂದೇ ಇರಲಿಲ್ಲ ಎಂದಿದ್ದವನು ಈಗ ಗೂಡಿಗೆ ಕೈಮುಗಿದು ಗಂಟಲೇರಿಸಿದ: "ನೂರು ಡಿಗ್ರೀಲಿ ಬೆಂದ ಗೆಡ್ಡೆ ಚಿಗುರೈತೆ ಅಂದ್ರೆ ಸುಮ್ನೆ ಮಾತಾ? ನನ್ ಡ್ರಮ್ಮಲ್ಲಿ ಮಾದಪ್ಪ ಕೂತಿದ್ದ ಕಣ್ರವ್ವ!"

ಹೆಂಗಸರು ಕೆನ್ನೆ ಬಡಿದುಕೊಂಡರು. ಯಾರೋ ಉಘೇ ಎಂದರು.

"ಅಯ್ಯೋ, ನೂರಲ್ಲ, ನಲವತ್ತಾರು! ನಾ ಚುಚ್ಚಿ ನೋಡಿವ್ನಿ!" ಶಿವಮಲ್ಲು ಕರಿಬಸಮ್ಮನ ಕಡೆ ತಿರುಗಿದ. "ಅವ್ವಾರೆ, ನೀವಾದ್ರೂ ಕೇಳಿ."

ಕರಿಬಸಮ್ಮ ಅವನ ಕೈಯಿಂದ ಕಾಗದ ಇಸಕೊಂಡಳು. ಓದುತ್ತಾಳೆ ಎಂದು ಕಾದ. ಅವಳು ಅದರ ಮೇಲೆ ಒಂದು ಚಿಟಿಕೆ ವಿಭೂತಿ, ಎರಡು ಹೂವು ಇಟ್ಟು ಮಡಿಸಿ, ಅವನ ಅಂಗೈಗೆ ವಾಪಸ್ಸು ಕೊಟ್ಟಳು.

"ನೀ ಸುಳ್ಳು ಏಳೋನಲ್ಲ ಮಗ. ಆದ್ರೆ ಮಾದಪ್ಪಂಗೆ ನಾ ಹಸೀದು ಇಟ್ಟೆ ಅಂತ ಎಂಗ್ ಒಪ್ಕಳ್ಳಿ? ಇಡೀ ಸರಕು ಓದ ಮ್ಯಾಕೆ ಇದೊಂದಾರ ಇರ್ಲಿ ಬುಡು."

ರಾಜಶೇಖರ್ ಬಂದು ಅವನ ಹೆಗಲಿಗೆ ಕೈ ಹಾಕಿದ. "ನಾಳಿಕೆ ಸಂತೆಮರಳ್ಳೀಲಿ ಹದ್ನಾಕು ಡ್ರಮ್ಮು ಬೇಯ್ಸದದೆ, ಬಂದ್ಬುಡು. ಇನ್ಮೇಲೆ ನಿನ್ನ ಹಸಿಮಲ್ಲು ಅನ್ನೋನ ಹಲ್ಲು ಮುರೀತೀನಿ." ಆಮೇಲೆ ಎಲ್ಲರಿಗೂ ಕೇಳುವಂತೆ, "ಬಾಯ್ಲರ್ ಕಾದೋನು ಇವ್ನೇಯ, ಇವ್ನ್ ಬಾಯಲ್ಲೇ ಕೇಳಿ. ಏಳ್ಲಾ ಮಲ್ಲು, ಬೆಂದಿತ್ತು ತಾನೇ?"

ಇಡೀ ಜಗಲಿ ಅವನ ಬಾಯಿ ನೋಡಿತು. ಬೆಂದಿತ್ತು ಎಂಬ ಒಂದು ಮಾತಿಗೆ ಕೆಲಸವೂ ಬರುತ್ತಿತ್ತು, ಹೆಸರೂ ಬರುತ್ತಿತ್ತು.

ಶಿವಮಲ್ಲು ಹೆಗಲ ಮೇಲಿನ ಕೈ ಕೊಡವಿದ. ಮಡಿಸಿದ ಕಾಗದವನ್ನು ವಿಭೂತಿ ಚೆಲ್ಲದಂತೆ ಜೇಬಿನಲ್ಲಿಟ್ಟುಕೊಂಡ. ಜಗಲಿ ಇಳಿದು, ಚಪ್ಪಲಿ ಮೆಟ್ಟಿ, ಬಸ್ಸು ನಿಲ್ಲುವ ಕಡೆಗೆ ನಡೆದ.

"ಲೇ ಮಲ್ಲು, ಬೆಂದಿತ್ತೇನ್ಲಾ?" ಹಿಂದಿನಿಂದ ಇನ್ನೊಮ್ಮೆ ಕೂಗು ಬಂತು.

ಅವನು ತಿರುಗಲಿಲ್ಲ.